ಅಡಿಕೆ ಮರದಲ್ಲಿ ಸೇಫ್ಟಿ ಬೆಲ್ಟ್: ಆಧಾರದ ಪ್ರಶ್ನೆ

ಎತ್ತರದ ಕೆಲಸದ ಸಲಕರಣೆಗಳ ಬಗ್ಗೆ ಈಗ ಹೆಚ್ಚಿನ ತಕರಾರಿಲ್ಲ. ಸೊಂಟಕ್ಕಷ್ಟೇ ಬಿಗಿಯುವ ಬೆಲ್ಟು ಬಿದ್ದವನ ಹೊಟ್ಟೆ, ಬೆನ್ನಿಗೇ ಪೆಟ್ಟು ಕೊಡುತ್ತದೆ. ಬೀಳುವವನನ್ನು ಹಿಡಿದು ನಿಲ್ಲಿಸಲು ಅದನ್ನು ಬಳಸುವುದನ್ನು ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಷಾ 1998ರ ಜನವರಿ 1ರಿಂದ ನಿಷೇಧಿಸಿತು; ಭುಜ, ತೊಡೆಗಳಿಗೂ ಭಾರ ಹಂಚುವ ಹಾರ್ನೆಸ್ ಆ ಜಾಗಕ್ಕೆ ಬಂತು. ಸಲಕರಣೆ ಇದ್ದರೂ ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗಾರರು ಉಡಾಫೆಯಿಂದ ಹಾಕಿಕೊಳ್ಳುವುದಿಲ್ಲ ಎಂಬ ಮಾತು ಮಾತ್ರ ಆಗಾಗ ಕೇಳಿಬರುತ್ತದೆ. ಇದನ್ನು ಒಪ್ಪುವುದು ಕಷ್ಟ.

ಹಾರ್ನೆಸ್ಸನ್ನು ಯಾವುದಕ್ಕೆ ಕಟ್ಟಬೇಕು? 70 ಕೆ.ಜಿ. ತೂಕದವನು 1.8 ಮೀಟರ್ ಬಿದ್ದು, ಹಗ್ಗ ಜಗ್ಗಿ 10 ಸೆಂ.ಮೀ.ನೊಳಗೆ ನಿಂತರೆ ಮೈಮೇಲೆ ಬೀಳುವ ಸರಾಸರಿ ಬಲ ಸುಮಾರು 13 ಕಿಲೋನ್ಯೂಟನ್. ಓಷಾ ಹಾರ್ನೆಸ್ಸಿಗೆ ವಿಧಿಸಿರುವ ಮಿತಿ 8. ಹಗ್ಗಕ್ಕೆ ಜೋಡಿಸಿದ ಶಾಕ್ ಅಬ್ಸಾರ್ಬರಿನ ಹೊಲಿಗೆ ಬಿಚ್ಚುತ್ತ ಒಂದು ಮೀಟರ್ ಎಳೆದುಕೊಂಡರೆ ಅದೇ ಬಲ ಸರಾಸರಿ 2ಕ್ಕೆ ಇಳಿಯುತ್ತದೆ. ಕಟ್ಟಡದಲ್ಲಿ ಇದನ್ನೆಲ್ಲ ತಲೆಯ ಮೇಲಿನ ತೊಲೆ ತಡೆದುಕೊಳ್ಳುತ್ತದೆ. ಅಡಿಕೆ ಮರದಲ್ಲಿ ತಲೆಯ ಮೇಲಿರುವುದು ಸೋಗೆ! ಹಗ್ಗವನ್ನು ಕಾಂಡಕ್ಕೇ ಸುತ್ತಬೇಕು. ಕಾಂಡಕ್ಕೆ ಕವಲಿಲ್ಲ; ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಮಳೆಗಾಲದಲ್ಲಿ ಅದು ಪಾಚಿಗಟ್ಟಿ ಜಾರುತ್ತದೆ. ಸಡಿಲವಾಗಿ ಸುತ್ತಿದ ಹಗ್ಗ ಮನುಷ್ಯನ ಜೊತೆಗೇ ಕೆಳಗೆ ಬರುತ್ತದೆ. ಅದು ಒರಗಿ ಕೆಲಸ ಮಾಡಲು ಆಸರೆಯಾದೀತು, ಬೀಳುವವನನ್ನು ತಡೆಯುವ ಸಾಧನವಾಗದು.

ಇನ್ನೊಂದು ತೊಡಕು ಕೆಲಸದ ಕ್ರಮದಲ್ಲಿದೆ. ನುರಿತ ಕೊನೆಗಾರ ಪ್ರತಿ ಮರಕ್ಕೂ ಇಳಿದು ಹತ್ತುವುದಿಲ್ಲ. ತಾನಿರುವ ಮರವನ್ನು ತೂಗಿ ಬಾಗಿಸಿ, ಪಕ್ಕದ್ದನ್ನು ಎಳೆದು ಹಿಡಿದು ದಾಟುತ್ತಾನೆ. ಕೈಬಿಟ್ಟ ಮರ ಹಿಂದಕ್ಕೆ ಚಿಮ್ಮುತ್ತದೆ. ಸದಾ ಒಂದು ಕೊಕ್ಕೆಯಾದರೂ ಸಿಕ್ಕಿಸಿರಬೇಕೆಂಬ ಕಟ್ಟಡದ ನಿಯಮದಂತೆ ಎರಡು ಹಗ್ಗ ಕೊಟ್ಟರೆ, ಆ ಗಳಿಗೆಯಲ್ಲಿ ಅವನು ಬೇರೆ ಬೇರೆ ದಿಕ್ಕಿಗೆ ತೂಗುವ ಎರಡು ಮರಗಳಿಗೂ ಬಿಗಿದಿರುತ್ತಾನೆ. ಬೆಲ್ಟು ಬೇಡವೆನ್ನುವುದರಲ್ಲಿ ಉಡಾಫೆಗಿಂತ ಲೆಕ್ಕಾಚಾರವೇ ಹೆಚ್ಚಿರಬಹುದು.

ಈ ವಾದಕ್ಕೆ ಮಿತಿಗಳಿವೆ. ಇದು ಯಂತ್ರಶಾಸ್ತ್ರದ ತರ್ಕವೇ ಹೊರತು ತೋಟದಲ್ಲಿ ಮಾಡಿದ ಪ್ರಯೋಗವಲ್ಲ. ಭಾರ ಬಿದ್ದಷ್ಟೂ ಕಾಂಡವನ್ನು ಕಚ್ಚುವ ಕುಣಿಕೆಗೆ, ದಾಟದೆ ಇಳಿದು ಹತ್ತುವವರಿಗೆ ಇದನ್ನು ಹಾಗೆಯೇ ಅನ್ವಯಿಸಲಾಗದು. ತೆಂಗಿನ ವಿಚಾರವೂ ಬೇರೆ. ಗೇಣು ದಪ್ಪವೂ ಇಲ್ಲದ ಅಡಿಕೆಯ ತುದಿ ಎಷ್ಟು ಜಗ್ಗನ್ನು ತಾಳುತ್ತದೆ, ವಯಸ್ಸು, ರೋಗಕ್ಕೆ ತಕ್ಕಂತೆ ಅದು ಹೇಗೆ ಬದಲಾಗುತ್ತದೆ ಎಂಬುದನ್ನು ಅಳೆಯಬೇಕಿದೆ. ಅಲ್ಲಿಯವರೆಗೆ ನೆಲದಲ್ಲೇ ನಿಂತು ಕೊನೆ ಕೊಯ್ಯಲು, ಔಷಧಿ ಹೊಡೆಯಲು ಬರುವ ಕಾರ್ಬನ್ ಫೈಬರ್ ದೋಟಿಗೆ ಸಹಾಯಧನದಲ್ಲಿ ಬೆಲ್ಟಿಗಿಂತ ಮೊದಲ ಸ್ಥಾನ ಸಲ್ಲಬೇಕು.