ದೆಹಲಿಯಿಂದ ಬೆಂಗಳೂರಿಗೆ: ಹಾರುವ ದೂರ, ತಲುಪುವ ಹೊತ್ತು

ಊರಿನಿಂದ ಹಿರಿಯರ ಅನಾರೋಗ್ಯದ ಸುದ್ದಿ ಬಂದೊಡನೆ ರಾಜಧಾನಿಯಲ್ಲಿ ನೆಲೆಸಿರುವ ನಾವು ಹೇಳುವ ಮಾತು ಸಾಮಾನ್ಯವಾಗಿ ಒಂದೇ: “ಮೂರು ಗಂಟೆಯ ಪ್ರಯಾಣ, ಬಂದುಬಿಡುತ್ತೇವೆ.” ಆದರೆ ಅಲ್ಲಿ ಬಾಗಿಲು ನೋಡುತ್ತಾ ಕುಳಿತವರು ಅದರ ಎರಡರಷ್ಟಕ್ಕಿಂತಲೂ ಹೆಚ್ಚು ಹೊತ್ತು ಕಾಯಬೇಕಾಗುತ್ತದೆ. ಆದುದರಿಂದ ಈ ಲೆಕ್ಕವನ್ನು ಒಮ್ಮೆ ಸರಿಯಾಗಿ ನೋಡುವುದು ಒಳಿತು.

ಆಕಾಶದ ಲೆಕ್ಕ

ದೆಹಲಿಯ ಇಂದಿರಾ ಗಾಂಧಿ ವಿಮಾನ ನಿಲ್ದಾಣವು 77.1 ಡಿಗ್ರಿ ಪೂರ್ವ ರೇಖಾಂಶದಲ್ಲಿಯೂ, ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣವು 77.7 ಡಿಗ್ರಿಯಲ್ಲಿಯೂ ಇವೆ. ಅಂದರೆ ನಮ್ಮ ದಾರಿ ಬಹುತೇಕ ನೇರ ದಕ್ಷಿಣಕ್ಕೆ. ಅಕ್ಷಾಂಶದ ಅಂತರ ಸುಮಾರು 15.4 ಡಿಗ್ರಿ. ಡಿಗ್ರಿಗೆ 111 ಕಿ.ಮೀ. ಹಿಡಿದರೆ ದೂರ ಸುಮಾರು 1,700 ಕಿ.ಮೀ. ಆಗುತ್ತದೆ. ವಿಮಾನವು ಗಂಟೆಗೆ 800 ಕಿ.ಮೀ.ಗೂ ಮಿಗಿಲಾದ ವೇಗದಲ್ಲಿ ಹಾರಿದರೂ ಏರುವ, ಇಳಿಯುವ, ಓಡುದಾರಿಗಾಗಿ ಕಾಯುವ ಸಮಯ ಸೇರಿ ವೇಳಾಪಟ್ಟಿಯಲ್ಲಿ ಸುಮಾರು 2 ಗಂಟೆ 45 ನಿಮಿಷದಿಂದ 3 ಗಂಟೆ ಇರುತ್ತದೆ. ರೈಲಿನಲ್ಲಾದರೆ ಇದೇ ಪ್ರಯಾಣ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಸುಮಾರು 2,400 ಕಿ.ಮೀ., ಎರಡು ರಾತ್ರಿ.

ನೆಲದ ಲೆಕ್ಕ

2008ರ ಮೇ ತಿಂಗಳಲ್ಲಿ ಬೆಂಗಳೂರಿನ ವಿಮಾನ ಸಂಚಾರ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಸ್ಥಳಾಂತರಗೊಂಡಿತು. ದೆಹಲಿಯಿಂದ ಹಾರುವ ದೂರ ಸುಮಾರು 27 ಕಿ.ಮೀ. ತಗ್ಗಿತು, ಇಳಿದ ಮೇಲಿನ ದೂರ ಹೆಚ್ಚಿತು. ಮೆಜೆಸ್ಟಿಕ್‌ಗೆ ಅಲ್ಲಿಂದ ಸುಮಾರು 35 ಕಿ.ಮೀ. ಹಳೆಯ ಅಂದಾಜು ಇಲ್ಲಿಯೇ ತಪ್ಪುತ್ತದೆ.

ಮನೆಯಿಂದ ನಿಲ್ದಾಣಕ್ಕೆ 1 ಗಂಟೆ, ಅಲ್ಲಿ ಮುಂಚಿತವಾಗಿ 2 ಗಂಟೆ, ಹಾರಾಟ 2 ಗಂಟೆ 45 ನಿಮಿಷ, ಸಾಮಾನು ಪಡೆದು ಹೊರಬರಲು 45 ನಿಮಿಷ, ನಗರಕ್ಕೆ 1 ಗಂಟೆ 15 ನಿಮಿಷ: ಒಟ್ಟು 7 ಗಂಟೆ 45 ನಿಮಿಷ. ನಿಲ್ದಾಣದಿಂದಲೇ ಹೊರಡುವ ಫ್ಲೈಬಸ್‌ನಲ್ಲಿ ಮೈಸೂರಿಗೆ ಹೋಗುವವರು ನಗರದ ಸಮಯದ ಬದಲು ಸುಮಾರು 4 ಗಂಟೆ ಸೇರಿಸಿಕೊಳ್ಳಬೇಕು. ಆಗ ಸುಮಾರು ಹತ್ತೂವರೆ ಗಂಟೆ ಆಗುತ್ತದೆ.

ಗಮನಿಸಬೇಕಾದ ಅಂಶಗಳು

ಟರ್ಮಿನಲ್ ಯಾವುದೆಂದು ಟಿಕೆಟ್‌ನಲ್ಲಿ ಮೊದಲೇ ನೋಡಿಕೊಳ್ಳಿ. ಮೂರನೆಯ ಟರ್ಮಿನಲ್‌ಗೆ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮೆಟ್ರೋ, ಒಂದನೆಯದಕ್ಕೆ ಮೆಜೆಂಟಾ ಮಾರ್ಗ. ನಮ್ಮ ಸರ್ ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಮೋತಿ ಬಾಗ್ ನಿಲ್ದಾಣದಿಂದ ಹೊರಡುವವರು ಮುಂದಿನ ಸೌತ್ ಕ್ಯಾಂಪಸ್‌ನಲ್ಲಿಳಿದು, ಮೇಲ್ಸೇತುವೆಯಲ್ಲಿ ನಡೆದು ಧೌಲಾ ಕುವಾಂನಲ್ಲಿ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಹಿಡಿಯಬಹುದು. ಡಿಸೆಂಬರ್, ಜನವರಿಯ ಮುಂಜಾನೆಗಳಲ್ಲಿ ಮಂಜು ಕವಿದು ವಿಮಾನಗಳು ತಡವಾಗುವುದುಂಟು; ಆಯ್ಕೆಯಿದ್ದಲ್ಲಿ ಮಧ್ಯಾಹ್ನದ ವಿಮಾನ ಉತ್ತಮ.

ಸಾವಿನ ಮನೆಯಲ್ಲಿ ಮಗನಿಗಾಗಿಯೋ ಮಗಳಿಗಾಗಿಯೋ ಅಂತಿಮ ಸಂಸ್ಕಾರವನ್ನು ತಡೆದು ನಿಲ್ಲಿಸಬೇಕೇ ಎಂಬ ನಿರ್ಧಾರ ನಾವು ಹೇಳುವ ಗಂಟೆಯ ಮೇಲೆ ನಿಂತಿರುತ್ತದೆ. ಆದುದರಿಂದ ನಾವು ತಿಳಿಸುವ ಸಮಯ ವಿಮಾನ ಇಳಿಯುವ ಹೊತ್ತಾಗಿರದೆ, ಮನೆಯ ಹೊಸ್ತಿಲು ಮುಟ್ಟುವ ಹೊತ್ತಾಗಿರಲಿ.