ಹಿತ್ತಿಲ ಹಕ್ಕಿಗಳೂ ಇತಿಹಾಸವೂ



ಇತಿಹಾಸವೆಂದೊಡನೆ ಅರಸರ ಪಟ್ಟಾಭಿಷೇಕ, ಯುದ್ಧ, ಒಪ್ಪಂದ, ಶಾಸನ ಇವೇ ನಮ್ಮ ಮನಸ್ಸಿಗೆ ಬರುತ್ತವೆ. ನಾನು ತರಗತಿಯಲ್ಲಿ ಬೋಧಿಸಿದ ಪಠ್ಯಪುಸ್ತಕಗಳೂ ಬಹುಮಟ್ಟಿಗೆ ಇವುಗಳಿಂದಲೇ ತುಂಬಿದ್ದವು. ಆದರೆ ಮನೆಯ ಸುತ್ತ ದಿನವೂ ಕಾಣುವ ಹಕ್ಕಿಗಳನ್ನು ನೋಡುತ್ತ, ನೋಡಿದ್ದನ್ನು ತಾರೀಖಿನೊಡನೆ ಬರೆದಿಡುತ್ತ ಬಾಳಿದವರ ಒಂದು ಪರಂಪರೆಯೂ ಜಗತ್ತಿನಲ್ಲಿದೆ. ಅವರ ಕೆಲಸ ಸದ್ದಿಲ್ಲದ್ದು. ಅದರ ಬೆಲೆ ಲೋಕಕ್ಕೆ ತಿಳಿಯುವುದು ಎಷ್ಟೋ ವರ್ಷಗಳ ಬಳಿಕ. ಆ ಪರಂಪರೆಗೆ ಸೇರಿದ ಒಬ್ಬ ಮಹಿಳೆಯನ್ನು ಈ ಲೇಖನದಲ್ಲಿ ನಿಮಗೆ ಪರಿಚಯಿಸಬೇಕೆಂದಿದ್ದೇನೆ.

ಮೊದಲಿಗೆ ಈ ಪರಂಪರೆಯ ಹಿರಿಯನೊಬ್ಬನನ್ನು ಸ್ಮರಿಸೋಣ. ಇಂಗ್ಲೆಂಡಿನ ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್, ತನ್ನ ಊರಿನ ಪ್ರಾಣಿ ಪಕ್ಷಿಗಳ ಬಗ್ಗೆ ಬರೆದ ಪತ್ರಗಳನ್ನು ೧೭೮೯ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಅದೇ ವರ್ಷ ಫ್ರಾನ್ಸಿನಲ್ಲಿ ಮಹಾಕ್ರಾಂತಿ ಆರಂಭವಾಯಿತೆಂಬುದನ್ನು ನೀವೆಲ್ಲ ಬಾಯಿಪಾಠ ಮಾಡಿದ್ದೀರಿ. ನೋಡಲು ಒಂದೇ ತೆರನಾಗಿರುವ ಪುಟ್ಟ ಉಲಿಯಕ್ಕಿಗಳಲ್ಲಿ ಮೂರು ಬೇರೆ ಬೇರೆ ಜಾತಿಗಳಿವೆ ಎಂಬುದನ್ನು ಅವುಗಳ ಹಾಡಿನ ವ್ಯತ್ಯಾಸವನ್ನು ಆಲಿಸಿ ಗುರುತಿಸಿದವನು ಈ ವೈಟ್. ಅದಕ್ಕಾಗಿ ಆತ ದೂರದೇಶಕ್ಕೆ ಹೋಗಲಿಲ್ಲ. ತನ್ನೂರಿನ ಮರಗಳ ಕೆಳಗೆ ನಿಂತು ಕಿವಿಗೊಟ್ಟ, ಅಷ್ಟೆ.

ಇನ್ನು ನಮ್ಮ ಕಥಾನಾಯಕಿಯ ವಿಷಯ. ಲೂಯೀಸ್ ಎಂಬ ಹೆಸರಿನ ಈಕೆ ೧೮೯೪ರಲ್ಲಿ ಸ್ವೀಡನ್ನಿನ ಅನುಕೂಲಸ್ಥ ಮನೆತನವೊಂದರಲ್ಲಿ ಜನಿಸಿದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ರೆಡ್ ಕ್ರಾಸ್ ದಾದಿಯಾಗಿ ತರಬೇತಿ ಪಡೆದರು. ಯುದ್ಧಕೈದಿಗಳ ಶಿಬಿರವೊಂದರಲ್ಲಿ ಗ್ಲೆಬ್ ಕಿರಿಲಿನ್ ಎಂಬ ರಷ್ಯದ ಸೇನಾಧಿಕಾರಿಯ ಪರಿಚಯವಾಗಿ, ಅವರನ್ನೇ ವಿವಾಹವಾದರು. ಅತ್ತ ರಷ್ಯದಲ್ಲಿ ಕ್ರಾಂತಿಯ ಬೆನ್ನಿಗೇ ಅಂತರ್ಯುದ್ಧ ಹೊತ್ತಿ ಉರಿಯುತ್ತಿತ್ತು. ಬೋಲ್ಶೆವಿಕರ ವಿರುದ್ಧ ಹೋರಾಡುತ್ತಿದ್ದ ಪತಿಯನ್ನು ಹಿಂಬಾಲಿಸಿ ಲೂಯೀಸ್ ಆ ದೇಶದ ಉತ್ತರದ ಹಿಮಪ್ರದೇಶಕ್ಕೆ ಹೋದರು. ಆ ಪಕ್ಷ ಸೋತಿತು. ಪತಿ ಸೆರೆಯಾದರು, ಮತ್ತೆಂದೂ ಹಿಂದಿರುಗಲಿಲ್ಲ. ೧೯೨೭ರಲ್ಲಿ ಲೂಯೀಸ್ ಒಂಟಿಯಾಗಿ ಕೆನಡಾಕ್ಕೆ ವಲಸೆ ಹೋದರು.

ಅಲ್ಲಿ ಒಂಟಾರಿಯೋ ಪ್ರಾಂತದ ಉತ್ತರ ಭಾಗದ ಕಾಡುಹಳ್ಳಿಗಳಲ್ಲಿ ಅವರು ದಾದಿಯಾಗಿ ದುಡಿದರು. ಚಳಿಗಾಲದಲ್ಲಿ ನಾಯಿಗಳು ಎಳೆಯುವ ಜಾರುಬಂಡಿಯಲ್ಲಿ ಕುಳಿತು ರೋಗಿಗಳ ಮನೆಗೆ ಹೋಗುತ್ತಿದ್ದರು. ೧೯೩೪ರ ಮೇ ತಿಂಗಳಲ್ಲಿ ಆ ಸೀಮೆಯ ಡಿಯೋನ್ ಎಂಬ ಬಡ ಕುಟುಂಬದಲ್ಲಿ ಒಂದೇ ಹೆರಿಗೆಯಲ್ಲಿ ಐದು ಹೆಣ್ಣು ಶಿಶುಗಳು ಹುಟ್ಟಿದವು. ಅಂಥ ಐವರೂ ಬದುಕಿ ಉಳಿದದ್ದು ಅದುವರೆಗೆ ಲೋಕ ಕಂಡರಿಯದ ಸಂಗತಿ. ಮೊದಲ ವರ್ಷ ಆ ಶಿಶುಗಳ ಶುಶ್ರೂಷೆಯ ಹೊಣೆ ಹೊತ್ತವರು ಲೂಯೀಸ್. ಆಮೇಲೆ ಪ್ರಾಂತೀಯ ಸರ್ಕಾರ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಇರಿಸಿತು. ಅವರು ಆಡುವುದನ್ನು ಮರೆಯಿಂದ ನೋಡಲು ಲಕ್ಷಾಂತರ ಪ್ರವಾಸಿಗಳು ಸಾಲುಗಟ್ಟಿ ಬಂದರು. ಈ ಜಾತ್ರೆಯಿಂದ ಲೂಯೀಸ್ ೧೯೩೫ರಲ್ಲಿಯೇ ದೂರ ಸರಿದಿದ್ದರು. ಮಟ್ಟಾವಾ ನದಿಯ ಪಿಮಿಸಿ ಕೊಲ್ಲಿಯ ದಂಡೆಯಲ್ಲಿ ಸ್ವಲ್ಪ ಕಾಡುಭೂಮಿ ಕೊಂಡು, ಮರದ ದಿಮ್ಮಿಗಳ ಒಂದು ಪುಟ್ಟ ಮನೆ ಕಟ್ಟಿಸಿಕೊಂಡರು. ೧೯೩೯ರಲ್ಲಿ ಲೆನ್ ಲಾರೆನ್ಸ್ ಎಂಬುವರನ್ನು ವಿವಾಹವಾದರು. ಅಲ್ಲಿಂದ ಅವರು ಲೂಯೀಸ್ ಡಿ ಕಿರಿಲಿನ್ ಲಾರೆನ್ಸ್.

ಇಷ್ಟೆಲ್ಲ ಆದಾಗ ಅವರಿಗೆ ನಲವತ್ತೈದು ವರ್ಷ. ಹಕ್ಕಿಗಳ ಶಾಸ್ತ್ರೀಯ ಅಧ್ಯಯನವನ್ನು ಅವರು ಆರಂಭಿಸಿದ್ದೇ ಆ ವಯಸ್ಸಿನಲ್ಲಿ ಎಂಬುದನ್ನು, ನಿವೃತ್ತಿಯ ಅಂಚಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಟ್ಯಾವರ್ನರ್ ಎಂಬ ವಿದ್ವಾಂಸರು ಕೆನಡಾದ ಹಕ್ಕಿಗಳ ಬಗ್ಗೆ ಬರೆದ ಗ್ರಂಥವೇ ಅವರಿಗೆ ಮೊದಲ ಗುರು. ಕಿಟಕಿಯಾಚೆ ಕಾಳು ಚೆಲ್ಲಿ, ಬಂದ ಹಕ್ಕಿಗಳನ್ನು ಪುಸ್ತಕದೊಡನೆ ಹೋಲಿಸಿ ಹೆಸರು ಕಲಿತರು. ಮುಂದೆ ಸರ್ಕಾರದ ಪರವಾನಗಿ ಪಡೆದು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸತೊಡಗಿದರು. ಕಾಲಿಗೆ ಬಣ್ಣದ ಉಂಗುರ ಬಿದ್ದರೆ ಹಿಂಡಿನಲ್ಲಿ ಈ ಹಕ್ಕಿ ಯಾವುದು, ಆ ಹಕ್ಕಿ ಯಾವುದು ಎಂದು ಬಿಡಿಬಿಡಿಯಾಗಿ ತಿಳಿಯುತ್ತದೆ. ಕಳೆದ ವರ್ಷ ಇದೇ ಮರದಲ್ಲಿ ಗೂಡು ಕಟ್ಟಿದ್ದು ಇದೇ ಹಕ್ಕಿಯೇ, ಇದರ ಜೊತೆಗಾತಿ ಅವಳೇ ಅಥವಾ ಬೇರೆಯೇ, ಎಷ್ಟು ಮರಿಗಳು ಬದುಕಿದವು ಎಂಬ ಪ್ರಶ್ನೆಗಳಿಗೆ ಆಗ ಮಾತ್ರ ಉತ್ತರ ದೊರೆಯುತ್ತದೆ.

ಅವರ ಕೆಲಸದ ರೀತಿಗೆ ಒಂದೇ ಒಂದು ದಿನದ ನಿದರ್ಶನ ಸಾಕು. ಕೆಂಪು ಕಣ್ಣಿನ ವಿರಿಯೋ ಎಂಬುದೊಂದು ಪುಟ್ಟ ಹಕ್ಕಿ. ಚಳಿಗಾಲವನ್ನು ದಕ್ಷಿಣ ಅಮೆರಿಕದಲ್ಲಿ ಕಳೆದು, ವಸಂತದಲ್ಲಿ ಸಂತಾನೋತ್ಪತ್ತಿಗಾಗಿ ಕೆನಡಾದ ಕಾಡುಗಳಿಗೆ ಬರುತ್ತದೆ. ಮರಗಳ ನೆತ್ತಿಯಲ್ಲಿ ಎಲೆಗಳ ಮರೆಯಲ್ಲಿದ್ದುಕೊಂಡು ಚಿಕ್ಕ ಚಿಕ್ಕ ಹಾಡುಗಳನ್ನು ಎಡೆಬಿಡದೆ ಹೇಳುತ್ತಲೇ ಇರುತ್ತದೆ. ೧೯೫೨ರ ಮೇ ೨೭ರಂದು ಲೂಯೀಸ್ ನಸುಕಿಗೆ ಮುಂಚೆಯೇ ಎದ್ದು ಅಂಥ ಒಂದು ಗಂಡು ವಿರಿಯೋ ಇದ್ದೆಡೆಗೆ ಹೋದರು. ಸಂಜೆ ಅದು ಮೌನವಾಗುವವರೆಗೂ ಅದನ್ನೇ ಹಿಂಬಾಲಿಸಿ, ಅದು ಹಾಡಿದ ಒಂದೊಂದು ಹಾಡನ್ನೂ ಎಣಿಸಿದರು. ದಿನದ ಮೊತ್ತ ೨೨,೧೯೭.

ಗಣಿತದಲ್ಲಿ ಆಸಕ್ತಿಯುಳ್ಳವರು ಭಾಗಿಸಿ ನೋಡಬಹುದು. ಹಕ್ಕಿ ಹದಿನಾಲ್ಕು ಗಂಟೆ ಒಂದು ನಿಮಿಷವೂ ವಿರಮಿಸದೆ ಹಾಡಿತೆಂದು ಇಟ್ಟುಕೊಂಡರೂ ನಿಮಿಷಕ್ಕೆ ೨೬ ಹಾಡುಗಳಾಗುತ್ತವೆ. ಆದರೆ ಹಕ್ಕಿ ಆಹಾರ ಹುಡುಕಬೇಕು, ಮೈ ತಿಕ್ಕಿಕೊಳ್ಳಬೇಕು, ವಿಶ್ರಮಿಸಬೇಕು. ಆದ್ದರಿಂದ ಹಾಡುವ ಹೊತ್ತಿನ ವೇಗ ಇನ್ನೂ ಹೆಚ್ಚು. ಎಣಿಸುವವರಿಗೆ ಮಾತ್ರ ವಿರಾಮವಿಲ್ಲ, ಮನಸ್ಸು ಅತ್ತಿತ್ತ ಹರಿಯುವಂತಿಲ್ಲ. ಹಕ್ಕಿಯ ಹಾಡಿನ ಬಗ್ಗೆ ಬರೆಯುವವರು ಇಂದಿಗೂ ಉದಾಹರಿಸುವ ಈ ಸಂಖ್ಯೆಯನ್ನು ದೊರಕಿಸಿಕೊಡಲು ಬೇಕಾದದ್ದು ಒಂದು ನೋಟ್ ಪುಸ್ತಕ, ಒಂದು ಪೆನ್ಸಿಲ್ ಮತ್ತು ಒಂದು ಇಡೀ ದಿನ.

ಲೂಯೀಸರಿಗೆ ಜೀವಶಾಸ್ತ್ರದ ಪದವಿ ಇರಲಿಲ್ಲ. ಆದರೆ ಪತ್ರಮುಖೇನ ಮಾರ್ಗದರ್ಶನ ನೀಡುವ ಹಿರಿಯರಿದ್ದರು. ಅವರಲ್ಲಿ ಮುಖ್ಯರು ಅಮೆರಿಕದ ಮಾರ್ಗರೆಟ್ ಮೋರ್ಸ್ ನೈಸ್. ಈ ಮಹಾತಾಯಿ ಓಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿ ಹೆಣ್ಣುಮಕ್ಕಳನ್ನು ಸಾಕುತ್ತ, ಸಂಸಾರ ತೂಗಿಸುತ್ತಲೇ, ತಮ್ಮ ಮನೆಯ ಬಳಿಯ ಹಾಡುಗುಬ್ಬಿಗಳನ್ನು ವರ್ಷಗಟ್ಟಲೆ ಅಭ್ಯಸಿಸಿ ೧೯೩೭ ಮತ್ತು ೧೯೪೩ರಲ್ಲಿ ಎರಡು ಸಂಪುಟಗಳ ಪ್ರೌಢ ಪ್ರಬಂಧವನ್ನು ಪ್ರಕಟಿಸಿದ್ದರು. ಅದೇ ಹಾದಿಯಲ್ಲಿ ಲೂಯೀಸ್ ತಮ್ಮ ಕಾಡಿನ ನಾಲ್ಕು ಜಾತಿಯ ಮರಕುಟಿಗಗಳ ಜೀವನಕ್ರಮವನ್ನು ತುಲನಾತ್ಮಕವಾಗಿ ಅಧ್ಯಯನ ಮಾಡಿದರು. ಅಮೆರಿಕದ ಪಕ್ಷಿವಿಜ್ಞಾನಿಗಳ ಸಂಘ ಅದನ್ನು ೧೯೬೭ರಲ್ಲಿ ಪ್ರಕಟಿಸಿತು. ಸಾಮಾನ್ಯ ಓದುಗರಿಗಾಗಿ ಅವರು ಬರೆದ ‘ದಿ ಲವ್ಲಿ ಅಂಡ್ ದಿ ವೈಲ್ಡ್’ ಎಂಬ ಪುಸ್ತಕಕ್ಕೆ ೧೯೬೯ರಲ್ಲಿ ಪ್ರತಿಷ್ಠಿತ ಜಾನ್ ಬರೋಸ್ ಪದಕ ದೊರೆಯಿತು. ೧೯೯೨ರಲ್ಲಿ, ತಮ್ಮ ತೊಂಬತ್ತೆಂಟನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಇದನ್ನು ಓದುವಾಗ ನಮ್ಮ ದೇಶದ ಸಲೀಂ ಅಲಿಯವರ ನೆನಪಾಗದೆ ಇರದು. ೧೯೩೦ರಲ್ಲಿ ಅವರು ಜರ್ಮನಿಯಿಂದ ಹಿಂದಿರುಗಿದಾಗ ಕೈಯಲ್ಲಿ ಉದ್ಯೋಗವಿರಲಿಲ್ಲ. ಮುಂಬಯಿಗೆ ಎದುರಾಗಿ ಕೊಲ್ಲಿಯಾಚೆ ಇರುವ ಕಿಹಿಮ್ ಎಂಬ ಕಡಲತೀರದ ಹಳ್ಳಿಯಲ್ಲಿ ವಾಸಿಸುತ್ತಿದ್ದಾಗ, ಅಲ್ಲಿನ ಗೀಜಗನ ಗೂಡುಗಳನ್ನು ದಿನಗಟ್ಟಲೆ ನೋಡಿದರು. ಗಂಡು ಅರ್ಧ ಗೂಡು ಹೆಣೆಯುವುದು, ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಅದನ್ನು ಪೂರ್ಣಗೊಳಿಸುವುದು, ಬಳಿಕ ಇನ್ನೊಂದು ಗೂಡಿಗೆ ತೊಡಗಿ ಇನ್ನೊಂದು ಹೆಣ್ಣನ್ನು ಕರೆಯುವುದು, ಇವನ್ನೆಲ್ಲ ವಿವರವಾಗಿ ದಾಖಲಿಸಿದರು. ಗೀಜಗನ ಗೂಡನ್ನು ನಮ್ಮ ಹಳ್ಳಿಗರು ತಲೆತಲಾಂತರದಿಂದ ಕಂಡವರೇ. ಅದನ್ನು ಕ್ರಮವಾಗಿ ಗಮನಿಸಿ, ತಾರೀಖು ಹಾಕಿ ಬರೆದದ್ದರಿಂದ ಅದು ವಿಜ್ಞಾನವಾಯಿತು. ಇದೇ ಸಲೀಂ ಅಲಿಯವರು ೧೯೩೯–೪೦ರಲ್ಲಿ ನಮ್ಮ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಯನ್ನೂ ನಡೆಸಿದರು.

ಹಕ್ಕಿಗಳನ್ನು ಎಣಿಸಿ ಯಾರಿಗೇನು ಲಾಭ ಎಂದು ಕೇಳುವವರಿದ್ದಾರೆ. ೨೦೧೯ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಅವರಿಗೆ ಉತ್ತರವಾಗಬಲ್ಲುದು. ೧೯೭೦ರಿಂದೀಚೆಗೆ ಉತ್ತರ ಅಮೆರಿಕದಲ್ಲಿ ಹಕ್ಕಿಗಳ ಸಂಖ್ಯೆ ಸುಮಾರು ೩೦೦ ಕೋಟಿಯಷ್ಟು, ಎಂದರೆ ಶೇಕಡಾ ೨೯ರಷ್ಟು ಕುಸಿದಿದೆ ಎಂದು ಅದು ತಿಳಿಸಿತು. ಗುಬ್ಬಿ, ಉಲಿಯಕ್ಕಿಯಂಥ ಸಾಮಾನ್ಯ ಹಕ್ಕಿಗಳೇ ಅತಿ ಹೆಚ್ಚು ಕಡಿಮೆಯಾದವು. ಇದು ತಿಳಿದದ್ದು ಹೇಗೆ? ಹಕ್ಕಿಗಳು ಹೇರಳವಾಗಿದ್ದ ಕಾಲದಲ್ಲಿ, ಹೇರಳವಾಗಿದ್ದಾಗಲೇ, ಸಾವಿರಾರು ಹವ್ಯಾಸಿಗಳು ವರ್ಷವರ್ಷವೂ ಎಣಿಸಿ ಬರೆದಿಟ್ಟಿದ್ದರಿಂದ. ಅಳತೆ ಇಲ್ಲದಿದ್ದರೆ ನಷ್ಟವೂ ಕಾಣದು. ಮೂವತ್ತು ವರ್ಷಗಳಲ್ಲಿ ಮೆಲ್ಲಮೆಲ್ಲಗೆ ಆಗುವ ಬದಲಾವಣೆ ಮನುಷ್ಯನ ನೆನಪಿಗೆ ನಿಲುಕುವುದಿಲ್ಲ. ಈಗಿನ ಮಕ್ಕಳು ತಾವು ಕಂಡಷ್ಟೇ ಎಂದಿನಿಂದಲೂ ಇದ್ದದ್ದೆಂದು ತಿಳಿಯುತ್ತಾರೆ.

ನಮ್ಮಲ್ಲಿಯೂ ಈ ಅರಿವು ಮೂಡಿದೆ ಎಂಬುದು ಸಂತೋಷದ ಸಂಗತಿ. ೨೦೨೩ರಲ್ಲಿ ಹೊರಬಂದ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿ ೯೪೨ ಜಾತಿಗಳನ್ನು ಪರಿಶೀಲಿಸಿ, ಅವುಗಳಲ್ಲಿ ೧೭೮ ಜಾತಿಗಳಿಗೆ ತುರ್ತು ಸಂರಕ್ಷಣೆ ಬೇಕೆಂದಿತು. ಅದಕ್ಕೆ ಆಧಾರವಾದದ್ದು ಸುಮಾರು ಮೂವತ್ತು ಸಾವಿರ ಪಕ್ಷಿವೀಕ್ಷಕರು ಒದಗಿಸಿದ ದಾಖಲೆಗಳು. ತಮ್ಮ ಊರಿನ ಕೆರೆ ಏರಿಯ ಮೇಲೆ, ತೋಟದಲ್ಲಿ, ಮನೆಯ ಮಹಡಿಯ ಮೇಲೆ ನಿಂತು ಪಟ್ಟಿ ಮಾಡಿದವರು ಅವರಲ್ಲಿ ಅನೇಕರಿದ್ದಾರೆ.

ನಿಮ್ಮಲ್ಲಿ ಕೆಲವರು ಊರಿನಲ್ಲಿ ತೋಟ ನೋಡಿಕೊಂಡಿದ್ದೀರಿ, ಕೆಲವರು ಬೆಂಗಳೂರಿನ ಎತ್ತರದ ಕಟ್ಟಡಗಳಲ್ಲಿದ್ದೀರಿ, ಕೆಲವರು ಕಡಲಾಚೆ ನೆಲೆಸಿದ್ದೀರಿ. ಎಲ್ಲಿದ್ದರೂ ಕಿಟಕಿಯಾಚೆ ಒಂದು ಮೈನಾ, ಒಂದು ಪಿಕಳಾರ, ಒಂದು ಕಾಗೆಯಾದರೂ ಬರುತ್ತದೆ. ಒಂದು ನೋಟ್ ಪುಸ್ತಕದಲ್ಲಿ ನಾಲ್ಕು ಅಂಕಣ ಎಳೆಯಿರಿ: ತಾರೀಖು, ಹೊತ್ತು, ಹಕ್ಕಿಯ ಹೆಸರು, ಎಷ್ಟು. ಹೆಸರು ತಿಳಿಯದಿದ್ದರೆ ಬಣ್ಣ, ಗಾತ್ರ, ಕೂಗು ಇವನ್ನು ಬರೆಯಿರಿ. ಹೆಸರು ನಿಧಾನವಾಗಿ ತಿಳಿಯುತ್ತದೆ. ದಿನಕ್ಕೆ ಹತ್ತು ನಿಮಿಷ ಸಾಕು, ಆದರೆ ಬಿಡದೆ ಮಾಡಬೇಕು. ಏನೂ ಕಾಣದ ದಿನವೂ ಅದನ್ನೇ ಬರೆಯಬೇಕು. ಮಕ್ಕಳನ್ನೋ ಮೊಮ್ಮಕ್ಕಳನ್ನೋ ಪಕ್ಕದಲ್ಲಿ ಕೂರಿಸಿಕೊಂಡರೆ ಇನ್ನೂ ಒಳ್ಳೆಯದು. ಆ ಪುಸ್ತಕವನ್ನು ಮುಂದುವರಿಸಬೇಕಾದವರು ಅವರೇ.

ಎಲ್ಲರಿಗೂ ಶುಭವಾಗಲಿ.