‘ಚಿಕನ್ ಸ್ವೀಡ್’ ಅನ್ನಿಸಿಕೊಂಡವನ ಕಥೆ

ಐಸ್ ಹಾಕಿ ನೋಡಿದವರಿಗೆ ಗೊತ್ತಿರುತ್ತೆ, ಆಟದ ಮಧ್ಯೆ ಆಟಗಾರರು ಕೈಗವಸು ಬಿಸಾಕಿ ಗುದ್ದಾಡಿಕೊಳ್ಳುತ್ತಾರೆ. ಶಿಕ್ಷೆ ಅಂದರೆ ಐದು ನಿಮಿಷ ಹೊರಗೆ ಕೂರುವುದು, ಅಷ್ಟೇ! ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗಿನಲ್ಲಿ 1970ರ ದಶಕದಲ್ಲಂತೂ ಇದು ವಿಪರೀತವಾಗಿತ್ತು. ಗುದ್ದಾಟ ಗೊತ್ತಿಲ್ಲದ ಸ್ವೀಡನ್ನಿನವರಿಗೆ ಅಲ್ಲಿ ಇಟ್ಟ ಹೆಸರು ‘ಚಿಕನ್ ಸ್ವೀಡ್’. ಅಂದರೆ ಪುಕ್ಕಲರು.

ಬೋರ್ಯೆ ಸಾಲ್ಮಿಂಗ್ ಹುಟ್ಟಿದ್ದು 1951ರಲ್ಲಿ, ಆರ್ಕ್ಟಿಕ್ ವೃತ್ತಕ್ಕಿಂತ ಮೇಲಿರುವ ಕಿರುನಾ ಕಡೆ. ಕಬ್ಬಿಣದ ಅದಿರಿನ ಗಣಿಗಳ ಸೀಮೆ ಅದು. ಅಪ್ಪ, ಹಿಮಸಾರಂಗ ಸಾಕುವ ಸಾಮಿ ಜನಾಂಗದ ಮೂಲದವರು. ಅವರು ಗಣಿ ಅಪಘಾತದಲ್ಲಿ ತೀರಿಕೊಂಡಾಗ ಹುಡುಗನಿಗೆ ಐದು ವರ್ಷ. ಮುಂದೆ ಬ್ರೀನಾಸ್ ತಂಡದ ಪರ ಆಡಿ 1971, 1972ರಲ್ಲಿ ಸ್ವೀಡಿಷ್ ಚಾಂಪಿಯನ್ ಆದ.

ಕೆನಡಾದ ಟೊರಾಂಟೊ ಮೇಪಲ್ ಲೀಫ್ಸ್ ತಂಡದ ಕಡೆಯವರು ಸ್ವೀಡನ್ನಿಗೆ ಹೋಗಿದ್ದು ಒಬ್ಬ ಗೋಲ್‌ಕೀಪರನನ್ನು ನೋಡಲು. ಅವರ ಕಣ್ಣಿಗೆ ಬಿದ್ದದ್ದು ಸಾಲ್ಮಿಂಗ್. ಜೊತೆಗೆ ಇಂಗೆ ಹ್ಯಾಮರ್‌ಸ್ಟ್ರೋಮ್. 1973ರಲ್ಲಿ ಇಬ್ಬರೂ ಟೊರಾಂಟೊಗೆ ಬಂದರು. ಎರಡನೇ ಪಂದ್ಯವೇ ಫಿಲಡೆಲ್ಫಿಯಾ ಫ್ಲೈಯರ್ಸ್ ಜೊತೆ, ಲೀಗಿನ ಅತಿ ಒರಟು ತಂಡ. ಅವರ ಡೇವ್ ಶುಲ್ಟ್ಜ್ ಸಾಲ್ಮಿಂಗ್ ಮೇಲೆ ಬಿದ್ದ. ಸಾಲ್ಮಿಂಗ್ ಹಿಂದೆ ಸರಿಯಲಿಲ್ಲ. ಆಮೇಲೂ ವರ್ಷಗಟ್ಟಲೆ ಏಟು ತಿಂದ, ಕೊಟ್ಟ. ಎದುರಾಳಿ ಹೊಡೆದ ಪಕ್ ಅನ್ನು (ಕಲ್ಲಿನಷ್ಟು ಗಟ್ಟಿಯಾದ ರಬ್ಬರ್ ಬಿಲ್ಲೆ) ತಡೆಯಲು ಅಡ್ಡಡ್ಡ ಮಲಗಿಬಿಡುತ್ತಿದ್ದ.

ಪಾಪ, ಹ್ಯಾಮರ್‌ಸ್ಟ್ರೋಮ್ ಕಥೆ ಬೇರೆ. ಜೇಬಿನಲ್ಲಿ ಅರ್ಧ ಡಜನ್ ಮೊಟ್ಟೆ ಇಟ್ಟುಕೊಂಡು ಮೂಲೆಗೆ ನುಗ್ಗಿದರೂ ಇವನು ಒಂದನ್ನೂ ಒಡೆಯಲ್ಲ ಅಂತ ಲೀಫ್ಸ್ ಮಾಲೀಕ ಹೆರಾಲ್ಡ್ ಬಲಾರ್ಡ್ ಆಡಿಕೊಂಡ. ವರ್ಷಕ್ಕೆ ಹೆಚ್ಚುಕಮ್ಮಿ ಇಪ್ಪತ್ತು ಗೋಲು ಹೊಡೆಯುತ್ತಿದ್ದವನ ಬಗ್ಗೆ ಮಾಲೀಕನೇ ಆಡುವ ಮಾತಾ ಇದು? ಗೋಲು ಹೊಡೆದರೆ ಸಾಲದು, ರಕ್ತವೂ ಸುರಿಸಬೇಕು ಅನ್ನುವುದು ನನಗಂತೂ ಅನ್ಯಾಯ ಅನ್ನಿಸುತ್ತೆ.

1976ರ ಕೆನಡಾ ಕಪ್‌ನಲ್ಲಿ ಸ್ವೀಡನ್ ತಂಡ ಟೊರಾಂಟೊದಲ್ಲಿ ಆಡಲಿಳಿಯಿತು. ಎದುರಾಳಿ ದೇಶದ ಜರ್ಸಿ ತೊಟ್ಟ ಸಾಲ್ಮಿಂಗ್ ಹೆಸರು ಕರೆದದ್ದೇ ತಡ, ಇಡೀ ಮೇಪಲ್ ಲೀಫ್ ಗಾರ್ಡನ್ಸ್ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಾವು ಚಿನ್ನಸ್ವಾಮಿಯಲ್ಲಿ ಡಿವಿಲಿಯರ್ಸ್‌ಗೆ ಕೂಗಿದ್ದು ನೆನಪಾಗಲ್ವಾ?

1986ರಲ್ಲಿ ಸ್ಕೇಟಿನ ಅಲಗು ತಗುಲಿ ಮುಖ ಸೀಳಿ, 200ಕ್ಕೂ ಹೆಚ್ಚು ಹೊಲಿಗೆ ಬಿದ್ದವು. ಮತ್ತೆ ಬಂದು ಆಡಿದ! ಟೊರಾಂಟೊದಲ್ಲಿ 16 ಸೀಸನ್, ಡೆಟ್ರಾಯಿಟ್‌ನಲ್ಲಿ ಒಂದು. ಒಟ್ಟು 1148 ಪಂದ್ಯ, 150 ಗೋಲು, ಡಿಫೆನ್ಸ್‌ನವನಿಗೆ ಕಮ್ಮಿಯೇನಲ್ಲ. ಸ್ಟ್ಯಾನ್ಲಿ ಕಪ್ ಮಾತ್ರ ಒಮ್ಮೆಯೂ ಸಿಗಲಿಲ್ಲ. 1996ರಲ್ಲಿ ಹಾಕಿ ಹಾಲ್ ಆಫ್ ಫೇಮ್ ಸೇರಿದ ಮೊದಲ ಸ್ವೀಡಿಷ್ ಆಟಗಾರನಾದ.

2022ರಲ್ಲಿ ಅವನಿಗೆ ಎಎಲ್ಎಸ್ ಕಾಯಿಲೆ ಇರುವುದು ಗೊತ್ತಾಯಿತು. ನರಗಳು ಸೋತು, ಮಾತೂ ನಿಂತುಹೋಗುವ ಕಾಯಿಲೆ. ಆ ವರ್ಷದ ನವೆಂಬರ್‌ನಲ್ಲಿ ಟೊರಾಂಟೊಗೆ ಕರೆತಂದು ಸನ್ಮಾನ ಮಾಡಿದರು. ಹಳೆಯ ಕ್ಯಾಪ್ಟನ್ ಡ್ಯಾರಿಲ್ ಸಿಟ್ಲರ್ ಪಕ್ಕದಲ್ಲೇ ನಿಂತಿದ್ದ, ಕಣ್ಣಲ್ಲಿ ನೀರು. ಜನ ಮತ್ತೆ ಎದ್ದು ನಿಂತರು. ಎರಡು ವಾರದೊಳಗೆ, ನವೆಂಬರ್ 24ರಂದು, ಸಾಲ್ಮಿಂಗ್ ತೀರಿಕೊಂಡ.